ಮಿಸ್ ವರ್ಲೀನರ ಹಸಿರು ಕೋಟು ಯಾವ ಪಕ್ಷದ್ದು?

ನಗರದ ಮುಖ್ಯ ಚುನಾವಣಾಧಿಕಾರಿಗಳೇ,

ಮೇಯರ್ ಚುನಾವಣೆಯ ಮೊದಲ ಸುತ್ತಿನಲ್ಲಿ ನಿಮ್ಮ ಸಿಬ್ಬಂದಿ ಒಂದು ಕೋಟನ್ನು ಮತಗಟ್ಟೆಯಿಂದ ಹೊರಗೆ ಕಳಿಸಿದರು. ಆ ಕೋಟಿನೊಳಗೆ ನಮ್ಮ ಪಕ್ಕದ ಮನೆಯ ಮಿಸ್ ವರ್ಲೀನ್ ಟಬ್ಸ್ ಇದ್ದರು. ಹೀಗಾಗಿ ಅವರೂ ಹೋದರು, ಅವರ ಮತವೂ ಹೋಯಿತು. ದೂರು ಕೊಟ್ಟೆ. ‘ನಿಯಮದಂತೆ ಕ್ರಮ ಜರುಗಿಸಲಾಗಿದೆ’ ಎಂದು ಉತ್ತರಿಸಿದಿರಿ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಕೋಟಿನ ಅಪರಾಧ, ಅದು ಹಸಿರು. ನಮ್ಮದು ಪಕ್ಷರಹಿತ ಚುನಾವಣೆ. ಮತಪತ್ರದಲ್ಲಿ ಪಕ್ಷದ ಸುಳಿವಿಲ್ಲ, ಬರೀ ಹೆಸರುಗಳು. ಪಕ್ಷದ ಧಣಿಗಳಿಂದ ಊರನ್ನು ಬಿಡಿಸಲು ಹಿಂದಿನವರು ಹೋರಾಡಿ ತಂದ ಪದ್ಧತಿಯಿದು ಎಂದು ಕರಪತ್ರಗಳಲ್ಲಿ ಓದಿ ನಾನು ರೋಮಾಂಚನಗೊಂಡಿದ್ದೆ. ಪಕ್ಷ ಹೋಯಿತು, ಬಣ್ಣ ಬಂತು. ಅಂಗಳದಲ್ಲಿ ನೆಟ್ಟ ಫಲಕ ಹಸಿರಾದರೆ ಒಬ್ಬ ಅಭ್ಯರ್ಥಿ, ಕಿತ್ತಳೆಯಾದರೆ ಇನ್ನೊಬ್ಬರು, ನೀಲಿಯಾದರೆ ಮತ್ತೊಬ್ಬರು. ಮೂರೂ ಫಲಕಗಳ ಹಿಂದೆ ಬಿಲ್ಡರುಗಳ ದುಡ್ಡಿದೆ. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಕೋಟು ಬಿತ್ತು!

ಸಾಲಿನಲ್ಲಿ ನಾನು ಮಿಸ್ ವರ್ಲೀನರ ಹಿಂದೆಯೇ ಇದ್ದೆ. ಚರ್ಚಿನ ನೆಲಮಾಳಿಗೆಯ ಮತಗಟ್ಟೆ, ಫೆಬ್ರವರಿಯ ಕೊರೆಯುವ ಸಂಜೆ, ಕೆಟ್ಟು ಕೂತ ಹೀಟರ್.

“ಅಮ್ಮಾ, ಈ ಕೋಟು ಪ್ರಚಾರ ಆಗುತ್ತೆ. ಒಳಗೆ ಬಿಡೋಕಾಗಲ್ಲ,” ಎಂದ ನಿಮ್ಮ ಅಧಿಕಾರಿ.

“ಯಾರ ಪ್ರಚಾರ ಮಗನೇ? ನಾನು ಸ್ಕೂಲ್ ಬಸ್ ಓಡಿಸ್ತಿದ್ದಾಗ ತಗೊಂಡಿದ್ದು ಇದು. ಆಗ ನಿಮ್ಮ ಹಸಿರು ಕ್ಯಾಂಡಿಡೇಟು ನನ್ನ ಬಸ್ಸಲ್ಲೇ ಮೂಗು ಸುರಿಸ್ಕೊಂಡು ಕೂತಿರ್ತಿದ್ದ.”

“ಹಾಗಿದ್ರೆ ತೆಗೆದು ಹೊರಗಿಟ್ಟು ಬನ್ನಿ.”

“ಹೀಟರ್ ಹಾಕು, ತೆಗೀತೀನಿ.”

“ಹೀಟರ್ ನಮ್ಮ ಇಲಾಖೆಗೆ ಬರಲ್ಲಮ್ಮ.”

“ಮತ್ತೆ ನನ್ನ ಕೋಟು ಹೇಗಪ್ಪಾ ಬಂತು?”

ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿ ನಗಲಿಲ್ಲ. ಅವನು ನಿಂತಿದ್ದ ನೆಲಹಾಸೂ ಹಸಿರೇ, ಅದನ್ನು ಯಾರೂ ಹೊರಗೆ ಕಳಿಸಲಿಲ್ಲ. ನನ್ನ ಕೋಟಿನ ಬೆನ್ನಿಗೆ ‘ಬಾಡಿಗೆ ಇಳಿಸಿ’ ಎಂದು ದಪ್ಪಕ್ಷರದಲ್ಲಿ ಹೊಲಿದಿದ್ದೆ. ಬಣ್ಣ ಕಪ್ಪಾದ್ದರಿಂದ ಅದೂ ಪಾಸಾಯಿತು! ಅದನ್ನೇ ಬಿಚ್ಚಿಕೊಟ್ಟೆ, ಅವರ ತೋಳು ಅದರೊಳಗೆ ತೂರಲಿಲ್ಲ. ನೆರೆಯವರಿಂದ ಬೇರೆ ಕೋಟು ಎರವಲು ತರಲು ಅವರು ವಾಪಸು ಹೊರಟರು. ಈ ಸಲ ಮತಗಟ್ಟೆಯನ್ನು ನಮ್ಮ ಬೀದಿಯಿಂದ ಎರಡು ಬಸ್ಸು ಹಿಡಿಯುವಷ್ಟು ದೂರಕ್ಕೆ ಒಯ್ದವರು ತಾವೇ. ಅವರು ಮರಳಿ ಬಂದಾಗ ಬಾಗಿಲು ಹಾಕಿತ್ತು.

ಇಷ್ಟಕ್ಕೂ ತಾವು ತಡೆದದ್ದು ಯಾರಿಗೆ ಬೀಳಬೇಕಿದ್ದ ಮತ? ಮಿಸ್ ವರ್ಲೀನರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. “ಆ ಸುರಿಯೋ ಮೂಗಿನವನಿಗೆ ಯಾರು ಹಾಕ್ತಾರೆ ಹುಡುಗಿ? ನನ್ನ ಓಟು ಕಿತ್ತಳೆ ಹೆಂಗಸಿಗಿತ್ತು,” ಎಂದರು. ಹಸಿರು ಕೋಟಿನ ಮೇಲಿನ ಗುಮಾನಿಯಿಂದ ಕಿತ್ತಳೆ ಮತವನ್ನು ಚಳಿಗೆ ಅಟ್ಟಿದಿರಿ. ಎಂಥ ನಿಷ್ಪಕ್ಷಪಾತ!

ಹಸಿರಿನವರು ಮೊದಲ ಸುತ್ತಿನಲ್ಲೇ ಸೋತರು. ಏಪ್ರಿಲ್‌ನ ಎರಡನೇ ಸುತ್ತಿನಲ್ಲಿ ಕಿತ್ತಳೆ ಮತ್ತು ನೀಲಿ ಉಳಿದಿವೆ. ಕಿತ್ತಳೆ ಅಂಗಿ ತೊಟ್ಟು ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವವರು ಇನ್ನು ಎಲ್ಲಿ ಬಟ್ಟೆ ಬದಲಿಸಬೇಕು? ನೀಲಿ ಸಮವಸ್ತ್ರದ ಪೊಲೀಸರನ್ನು ಮತಗಟ್ಟೆಯ ಬಾಗಿಲಿನಿಂದ ಯಾರು ಓಡಿಸುತ್ತಾರೆ?

ಹೋದ ಮತವನ್ನು ತಾವು ಹಿಂತಿರುಗಿಸಲಾರಿರಿ. ಇನ್ನೊಂದನ್ನು ಕಸಿಯಬೇಡಿ. ಅಭ್ಯರ್ಥಿಯ ಹೆಸರಾಗಲಿ ಚಿತ್ರವಾಗಲಿ ಇಲ್ಲದ ಬಟ್ಟೆ ಪ್ರಚಾರವಲ್ಲ ಎಂಬ ಆದೇಶವನ್ನು ಎರಡನೇ ಸುತ್ತಿಗೆ ಮೊದಲು ಪ್ರತಿ ಮತಗಟ್ಟೆಯ ಬಾಗಿಲಿಗೆ ಅಂಟಿಸಿ. ನಮ್ಮ ಮತಗಟ್ಟೆಯಲ್ಲಿ ಅಂಟಿಸಲು ಖುದ್ದು ತಾವೇ ಬನ್ನಿ. ಮಿಸ್ ವರ್ಲೀನರ ಕ್ಷಮೆಯನ್ನೂ ಅಲ್ಲೇ ಕೇಳಬಹುದು. ಅವರನ್ನು ಗುರುತಿಸುವುದು ಕಷ್ಟವಾಗದು. “ಬೆವರು ಕಿತ್ಕೊಂಡು ಬಂದ್ರೂ ಸರಿ, ಅದೇ ಕೋಟು ಹಾಕ್ಕೊಂಡ್ ಬರ್ತೀನಿ,” ಎಂದಿದ್ದಾರೆ.

ಇಂತಿ,
ಕಪ್ಪು ಕೋಟಿನ ಪುಣ್ಯದಿಂದ ಮತದಾರಳಾಗಿ ಉಳಿದ
ಡೆಲ್ಫೀನ್ ಕ್ರೌಡರ್