ಚಂದರನ ಮೇಲಿನ ದೂರು

ಕೇತಕಿ,

ನಿನ್ನ ಗಂಡ ನಿನ್ನೆ ತಳೇಗಾಂವದಲ್ಲಿ ನಲವತ್ತು ಜನರನ್ನು ಒಬ್ಬನೇ ಎತ್ತಿ ಒಗೆದ. ಕೊನೆಯವನು ಇನ್ನೂ ನೆಲಕ್ಕೆ ಬಿದ್ದಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ಫ್ರಿಜ್ಜಿನಲ್ಲಿ ಮೊಸರಿನ ಹಿಂದಿರುವ ನೀಲಿ ಡಬ್ಬಿ ತೆರೆಯಬೇಡ, ತಪಾಸಣೆಗೆ ತಂದ ಮಲದ ಮಾದರಿಗಳಿವೆ. ಬೈಯುವುದಿದ್ದರೆ ಆಮೇಲೆ ಬೈ.

ಸರಿ, ನಲವತ್ತಲ್ಲ, ಎಂಟು. ಕಾಡು ಬಿಟ್ಟು ಕಾರ್ಖಾನೆ ಕಟ್ಟುವ ಕೂಲಿಗೆ ಬಂದ ಕಾತಕರಿ ಆದಿವಾಸಿಗಳು. ತಗಡಿನ ಶೆಡ್ಡು, ಸಂಡಾಸವಿಲ್ಲ, ಮಕ್ಕಳ ಹೊಟ್ಟೆ ತುಂಬ ಜಂತುಹುಳ. ಮೊನ್ನೆ ಗುಳಿಗೆ ಹಂಚಿದೆ. ಹುಳ ಹೊರಗೆ ಬೀಳುತ್ತವೆ, ಹೆದರಬೇಡಿ ಎಂದು ಮೊದಲೇ ಹೇಳುವುದು ನನ್ನ ಕೆಲಸ, ಅವಸರದಲ್ಲಿ ಹೇಳಲಿಲ್ಲ. ಅಲ್ಲಿಯ ಕೂಲಿ ಚಂದರನ ಮಗಳ ಬಾಯಿಂದ ಹುಳ ಬಂತು. ಹಾವಿನಷ್ಟಲ್ಲ, ಗೇಣುದ್ದ.

ಚಂದರನೂ ಇನ್ನೇಳು ಮಂದಿಯೂ ಕೋಲು ಹಿಡಿದು ನನ್ನ ಮೇಲೆ ಬಿದ್ದರೆಂದು ಪೊಲೀಸರಿಗೆ ಬರೆದುಕೊಟ್ಟೆ. ರಾತ್ರಿ ನನ್ನ ಕೈಗೆ ಅರಿಶಿನ ಹಚ್ಚುತ್ತ ನೀನು ಕೇಳಿದೆ: "ಅಲ್ರೀ, ಎಂಟು ಮಂದಿ ಬಡದಾರಂತೀರಿ, ಮೈಮ್ಯಾಲೆ ಒಂದು ಗೀರಿಲ್ಲ. ಬಲಗೈ ಮುಷ್ಟಿ ಅಷ್ಟ ಹ್ಯಾಂಗ ಬಾತದ?" ನಾನು ನಕ್ಕು ಎದ್ದುಹೋದೆ.

ಎಂಟೂ ಅಲ್ಲ ಕೇತಕಿ, ಚಂದರ ಒಬ್ಬನೇ. ಕೋಲೂ ಇರಲಿಲ್ಲ, ಕೈಯಲ್ಲಿ ಮಗಳಿದ್ದಳು. "ಸಾಹೇಬ, ನನ್ನ ಕೂಸಿಗೆ ಏನ ತಿನ್ನಿಸಿದಿ?" ಎಂದು ಚೀರಿದ. ಹೆದರಿ ಅವನ ಬಾಯಿಗೇ ಗುದ್ದಿದೆ. ಎರಡು ಹಲ್ಲು ಉದುರಿದವು. ರಕ್ತ ಮಗುವಿನ ತಲೆಯ ಮೇಲೆ ಸುರಿಯಿತು. ಮತ್ತೆ ಗುದ್ದಿದೆ. ಅವನು ಮಗುವನ್ನು ಕೆಳಗೆ ಬಿಡಲಿಲ್ಲ, ಕೈಯನ್ನೂ ಎತ್ತಲಿಲ್ಲ.

ಲಾಕಪ್ಪಿನಲ್ಲಿರುವವನು ಅವನು. ಹೊಡೆದವನು ನಾನೇ ಎಂದು ಬರೆದುಕೊಡಲು ಠಾಣೆಗೆ ಹೊರಟಿದ್ದೇನೆ. ಊಟಕ್ಕೆ ಕಾಯಬೇಡ.

ಬಾಳಕೃಷ್ಣ