ಎರಡು ಬೆರಳು ದೊಡ್ಡ ಸೈಕಲ್

ಮಂಠಾಳ
೧೭ ನವೆಂಬರ್ ೨೦೨೪

ಪ್ರೀತಿಯ ಪೂನಂಗೆ ಅವ್ವನ ಜೈಭೀಮ.

ಸೈಕಲ್ ಯಾವಾಗ ಬರುತ್ತದೆಂದು ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನು ಏನೋ ಒಂದು ಹೇಳಿ ಜಾರಿಕೊಂಡೆ. ಸಿಟ್ಟಾಗಬೇಡ. ಸಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಮಾಡಿ ಬಂದ ಮೇಲೆ ನನ್ನ ಕೈ ನನ್ನ ಮಾತೇ ಕೇಳುವುದಿಲ್ಲ. ಜೊತೆಯ ಕಾಂತಾಬಾಯಿ ಮೊಣಕಾಲು ನೋವೆಂದು ಹದಿನೈದು ದಿನದಿಂದ ಬಂದಿಲ್ಲ, ಎಲ್ಲ ನನ್ನ ತಲೆಗೇ. ಇವತ್ತು ರವಿವಾರ, ಅದಕ್ಕೇ ಬರೆಯಲು ಕೂತಿದ್ದೇನೆ.

ಸೈಕಲ್ ಬಂದಿದೆ. ನಾಳೆ ನಿಮ್ಮಪ್ಪ ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಕಲಬುರಗಿಗೆ, ನಿನ್ನ ಹಾಸ್ಟೆಲಿಗೆ ತರುತ್ತಾರೆ. ಮುಂದಿನ ರವಿವಾರದ ನಿನ್ನ ಮೊದಲ ರೇಸಿಗೆ ಅಂತೂ ಮುಟ್ಟಿದಂತಾಯಿತು.

ತಡವಾದದ್ದು ನನ್ನಿಂದಲೇ. ಹುಮನಾಬಾದಿನ ಅಂಗಡಿಯ ತುಳಜಾರಾಮ ಹೈದರಾಬಾದಿನಿಂದ ತರಿಸಿದ್ದ ಎರಡು ರೇಸ್ ಸೈಕಲ್ ತೋರಿಸಿದ. ಅಯ್ಯೋ, ಎಷ್ಟು ಹಗುರ ಅಂತೀ! ನನ್ನ ಅನ್ನದ ಪಾತೇಲಿಯೇ ಅದಕ್ಕಿಂತ ಭಾರ. ಹ್ಯಾಂಡಲ್ ಮಾತ್ರ ಟಗರಿನ ಕೊಂಬಿನ ಹಾಗೆ ಬಾಗಿದೆ. ಒಂದು ಐವತ್ತರ ಸೈಜು, ಇನ್ನೊಂದು ಐವತ್ತನಾಲ್ಕರದು. ನಿನ್ನ ಲಂಗ, ಚಪ್ಪಲಿ, ಸಾಲೆಯ ಅಂಗಿ ಎಲ್ಲವನ್ನೂ ಎರಡು ಬೆರಳು ದೊಡ್ಡದೇ ತಂದವಳು ನಾನು. "ದೊಡ್ಡದೇ ಕೊಡ್ರಿ, ಬಾಳ ದಿನ ಬರ್ತದ" ಅಂದೆ.

"ಹುಡುಗಿಗಿ ಎಷ್ಟು ವಯಸ್ಸರಿ?"

"ಇಪ್ಪತ್ತೊಂದು."

"ಇನ್ನ ಎಲ್ಲಿ ಬೆಳೀತಾಳ್ರಿ ಅಕ್ಕಾ? ಇದೇನು ಫ್ರಾಕ್ ಏನ್ರಿ, ಮಡಿಚಿ ಹೊಲಿಯಾಕ?"

ನನಗೆ ಸಿಟ್ಟು ಬಂತು. ಹಟ ಹಿಡಿದು ದೊಡ್ಡದನ್ನೇ ತಂದೆ. ಮನೆಗೆ ಬಂದ ಮೇಲೆ ಅನುಮಾನ ಹತ್ತಿತು. ನೀನು ನನ್ನಷ್ಟೇ ಎತ್ತರವಲ್ಲವೇ, ನೋಡಿಯೇ ಬಿಡೋಣವೆಂದು ಸೀರೆ ಎತ್ತಿ ಕಟ್ಟಿ ನಾನೇ ಹತ್ತಿದೆ. ಕಾಲು ನೆಲಕ್ಕೆ ಎಟುಕಲಿಲ್ಲ, ಕೈ ಬ್ರೇಕಿಗೆ ಎಟುಕಲಿಲ್ಲ. ಧಡಕ್ಕನೆ ಬಿದ್ದೆ.

"ಏ ರತ್ನಾ, ರೇಸಿಗಿ ಮಗಳು ಹೊಂಟಾಳೋ, ನೀ ಹೊಂಟೀಯೋ?" ಎಂದು ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡು, ಆ ಮನುಷ್ಯ ನಕ್ಕು ಬಹಳ ದಿನವಾಗಿತ್ತು.

ಮರುದಿನ ತಲೆ ತಗ್ಗಿಸಿಕೊಂಡು ಮತ್ತೆ ಹುಮನಾಬಾದಿಗೆ ಹೋದೆವು. ಅಷ್ಟರಲ್ಲಿ ಐವತ್ತರ ಸೈಕಲನ್ನು ಬಸವಕಲ್ಯಾಣದ ಒಬ್ಬ ಮಾಸ್ತರ ಒಯ್ದಿದ್ದ. ತುಳಜಾರಾಮ ಗೀರು ಬಿದ್ದದ್ದನ್ನು ನೋಡಿಯೂ ವಾಪಸ್ ತಗೊಂಡ, ಇನ್ನೊಂದು ತರಿಸಿಕೊಡಲು ಹದಿನೆಂಟು ದಿನ ಮಾಡಿದ. ಈ ಸಲ ಅಂಗಡಿಯಲ್ಲೇ ಹತ್ತಿ ನೋಡಿದೆ. "ಮಂದಿ ನೋಡಾಕತ್ತಾರ, ಜಲ್ದಿ ಇಳಿ" ಅಂದರು ನಿಮ್ಮಪ್ಪ. ಎರಡೂ ಪಾದ ನೆಲಕ್ಕೆ ಊರಿದ ಮೇಲೇ ಇಳಿದೆ.

ಬೀಗವನ್ನೂ ತಂದಿದ್ದೇನೆ. "ಗಟ್ಟಿದು ತಗೋ ಅವ್ವಾ, ನನ್ನ ಮರವು ನಿನಗ ಗೊತ್ತದಲ್ಲ" ಅಂದೆಯಲ್ಲ, ಆ ಮಾತು ಆವತ್ತಿನಿಂದ ನನ್ನನ್ನು ಚುಚ್ಚುತ್ತಿದೆ. ಎಂಟನೇ ಇಯತ್ತೆಯಲ್ಲಿ ಸರಕಾರ ಕೊಟ್ಟ ನೀಲಿ ಸೈಕಲ್ ಸಾಲೆಯಂಗಳದಿಂದ ಕಾಣೆಯಾದ ಮೇಲೆ ನೀನು ನನ್ನನ್ನು ಏನೂ ಕೇಳಿದವಳಲ್ಲ. ಬಾಯಿಬಿಟ್ಟು ಕೇಳಿದ್ದು ಈ ಸೈಕಲ್ ಒಂದೇ. ಬೀಗದ ಎರಡೂ ಕೀಲಿ ಈ ಪತ್ರದ ಜೊತೆಗಿವೆ, ನೀನೇ ಇಟ್ಟುಕೋ.

ಹೊಟ್ಟೆ ತುಂಬ ಉಂಡು ಹೋಗು. ಮುಂದೆ ಬಂದರೂ ಹಿಂದೆ ಬಿದ್ದರೂ ನೀನು ನನ್ನ ಮಗಳೇ. ದಾರಿ ನಿನಗೆ ಒಳ್ಳೆಯದಾಗಲಿ, ಕೂಸೇ.

ನಿನ್ನ ಅವ್ವ
ರತ್ನಮಾಲಾ

ತಾ.ಕ.: ಇದು ನಿಮ್ಮಪ್ಪನಿಗೂ ಗೊತ್ತಿಲ್ಲ. ಆ ನೀಲಿ ಸೈಕಲ್ ಕಳುವಾಗಿರಲಿಲ್ಲ. ನೀನು ಕಲ್ಯಾಣದ ರಸ್ತೆಯಲ್ಲಿ ಲಾರಿಗಳ ನಡುವೆ ಕೈಬಿಟ್ಟು ಹೊಡೆಯುತ್ತೀ ಎಂದು ಮಂದಿ ಬಂದು ಹೇಳಿದರು. ನನ್ನ ಜೀವ ಹಾರಿಹೋಯಿತು. ಬೇಡ ಎಂದು ನಿನ್ನ ಮುಖ ನೋಡಿ ಹೇಳಲು ಆಗಲಿಲ್ಲ. ನಾನೇ ಅದನ್ನು ನಿರ್ಣಾದ ಗಯಾಬಾಯಿ ಚಿಕ್ಕಮ್ಮನ ಮನೆಗೆ ಸಾಗಿಸಿದೆ. ಹೆಡ್‌ಮಾಸ್ತರರು ಎಲ್ಲರೆದುರು ಬೈದಾಗ "ಬೀಗ ಹಾಕಿದ್ದೆನ್ರಿ ಸರ್" ಎಂದು ನೀನು ಅತ್ತೆ. ಸಾಲೆಯ ಅಡುಗೆಮನೆಯ ಕಿಟಕಿಯಲ್ಲಿ ಕೇಳುತ್ತ ನಾನು ಅನ್ನ ತಿರುವುತ್ತಿದ್ದೆ. ಆಮೇಲಾಮೇಲೆ ನೀನೂ ಬೀಗ ಹಾಕಲು ಮರೆತೆನೆಂದೇ ನಂಬಿಬಿಟ್ಟೆ. ನೀನು ಮರೆತಿರಲಿಲ್ಲ, ಪೂನಂ. ಬೀಗ ಹಾಕಿದ್ದೆ. ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು.