ಹತ್ತಿಕಾಳ ಓಣಿಯ ಕರೆಗಂಬಗಳು

ಹತ್ತಿಕಾಳ ಓಣಿ, ಗದಗ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಂಬತ್ತೊಂದು

ನಮಗಿಂತ ಮೊದಲು ಬದುಕುತ್ತಿರುವ ಹಿರಿಯರಿಗೆ,

ಇಂಥದೊಂದು ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ಮೇ ತಿಂಗಳನ್ನು ತಾಳಿಕೊಳ್ಳುವುದು ಕಷ್ಟವಾದಾಗ ನಮ್ಮ ಅಜ್ಜಂದಿರು ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಆದರೆ ಜನಕ್ಕೆ ಸ್ವಲ್ಪ ಸಮಾಧಾನವಾಯಿತಂತೆ. ಈ ಕಾಗದದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ನೀಲಗಂಗಾ ಹೂಲಿಕಟ್ಟಿ. ವಯಸ್ಸು ಎಪ್ಪತ್ತಮೂರು. ಹದಿನೆಂಟು ವರ್ಷ ನಾನು ಈ ಓಣಿಯ ದಾಯಿಯಾಗಿದ್ದೆ. ದಾಯಿ ಎಂದರೆ ಸೂಲಗಿತ್ತಿಯಲ್ಲ. ಓಣಿಯ ನಲವತ್ತೆರಡು ಮನೆಗಳು ಸೇರಿ ಆರಿಸಿದ, ಯಾವ ಮನೆಯ ಬಾಗಿಲನ್ನಾದರೂ ತಟ್ಟದೆ ತೆರೆಯಬಹುದಾದ ಹೆಂಗಸು.

ಹಿಂದೆ ಹತ್ತಿ ಗಿರಣಿ ಇದ್ದ ಜಾಗದಲ್ಲಿ ನಮ್ಮ ಓಣಿ ಇದೆ. ಇದನ್ನು ಕಟ್ಟಿದ್ದು ಸರಕಾರವೂ ಅಲ್ಲ, ಸಾಹುಕಾರನೂ ಅಲ್ಲ. ಶಾಲೆ, ದವಾಖಾನೆ, ಅಂಗಡಿಕಾರರು, ರೊಟ್ಟಿ ಬಡಿಯುವ ಹೆಂಗಸರ ಸಂಘ, ಮನೆಗಳ ಪರವಾಗಿ ದಾಯಿ, ಹೀಗೆ ಐವರು ಕೂಡಿದ ಜೊತೆಗೂಟ ಇದನ್ನು ಕಟ್ಟಿತು. ಮಕ್ಕಳಿಗೆ ಒಗ್ಗುವ ಹಾಗೆ ಓಣಿ ಇರಬೇಕು ಎಂಬುದೊಂದೇ ಅವರ ಹಟ. ದಾರಿ ಮೂರು ಕಡೆ ಬಾಗಿರುವುದರಿಂದ ಯಾವ ಗಾಡಿಯೂ ಓಡಲಾರದು. ಪ್ರತಿ ಮನೆಗೂ ಓಣಿಗೆ ಮುಖಮಾಡಿದ ಕಟ್ಟೆಯಿದೆ, ಸರದಿಯ ಮೇಲೆ ಒಬ್ಬ ಹಿರಿಯರು ಅಲ್ಲಿ ಕೂತು ಆಡುವ ಮಕ್ಕಳ ಮೇಲೆ ಕಣ್ಣಿಡುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಯಾರೂ ಹೊರಗೆ ಬರುವುದಿಲ್ಲ. ಆ ಹೊತ್ತಿಗೆ ನೆರಳುಗಾಲ ಎನ್ನುತ್ತೇವೆ. ನಾಲ್ಕಾಯಿತೆಂದರೆ ಕಾಳು ಚೆಲ್ಲಿದ ಹಾಗೆ ಮಕ್ಕಳು ಓಣಿಯ ತುಂಬ. ಯಾವ ಮಗು ಯಾವ ಮನೆಯಲ್ಲಿ ಉಂಡಿತೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಬೆಳೆದದ್ದು ಹಾಗೆ, ನನ್ನ ಮಗಳು ಬೆಳೆದದ್ದೂ ಹಾಗೆ.

ದೊಡ್ಡವರಲ್ಲಿ ಹೆಚ್ಚಿನವರು ಸಂಜೆಯ ಪಾಳಿಗೆ ದುಡಿಯಲು ಹೋಗತೊಡಗಿದಾಗ, ಕತ್ತಲಾಗುವ ಮುಂಚೆ ಮಕ್ಕಳನ್ನು ಮನೆಗೆ ಕರೆಯುವವರು ಕಡಿಮೆಯಾದರು. ಆಗ ಜೊತೆಗೂಟ ಹನ್ನೊಂದು ಕರೆಗಂಬಗಳನ್ನು ನೆಡಿಸಿತು. ಎರಡಾಳೆತ್ತರದ ಕಂಬ, ತಲೆಯಲ್ಲಿ ಒಂದು ಕಣ್ಣು, ಒಂದು ಬಾಯಿ. ಪ್ರತಿ ಮನೆಯ ತಾಯಿಯೋ ತಂದೆಯೋ ಅದರ ಮುಂದೆ ನಿಂತು ಮೂರು ದಿನ ಮಾತಾಡಬೇಕು, ಮಗುವಿನ ಮುಂಗೈಗೆ ಮಣಿಯ ದಾರ ಕಟ್ಟಬೇಕು. ಮುಂದೆ ಇಳಿಹೊತ್ತಿಗೆ ಕಂಬ ಆ ದಾರವನ್ನು ಗುರುತಿಸಿ, ಆ ತಾಯಿಯ ಇಲ್ಲವೇ ತಂದೆಯ ದನಿಯಲ್ಲೇ, ಮಗುವಿನ ಹೆಸರು ಹಿಡಿದು ಕರೆಯುತ್ತದೆ. ದಾರ ಕಾಣದಿದ್ದರೂ ಮೂರು ಸಲ ಕರೆದೇ ಸುಮ್ಮನಾಗುತ್ತದೆ. ಕಂಬಗಳು ಕಲಿಯುತ್ತಿದ್ದವು. ಕಾಲು ಕೊಯ್ದುಕೊಂಡ ಮಗುವಿಗೆ "ಕುಂಟಬ್ಯಾಡ, ಅರಿಷಿಣ ಹಚ್ತೀನಿ ಬಾ" ಎನ್ನುತ್ತಿದ್ದವು. ನಮಗೆ ಅದು ಬಹಳ ಚೆನ್ನಾಗಿ ಕಾಣಿಸಿತು.

ನನಗೆ ಮೂವತ್ತೆಂಟಾದ ವರ್ಷ ಒಣಜ್ವರ ಬಂತು. ಬೆವರು ಬರದೆ ಒಳಗೊಳಗೇ ಸುಡುವ ಜ್ವರ. ನಮ್ಮ ಓಣಿಯಲ್ಲಿ ಹತ್ತೊಂಬತ್ತು ಜನ ಹೋದರು. ನನ್ನ ಗಂಡ ಮಲ್ಲೇಶಿ ಹೋದ. ಮೂವತ್ತನೇ ಮನೆಯ ನಿಂಬೆವ್ವಳ ಒಬ್ಬಳೇ ಮಗಳು ಸುಗಂಧಿ ಹೋದಳು, ಏಳು ವರ್ಷದ ಮಗು. ಅತ್ತು ಅತ್ತು ನಿಂಬೆವ್ವಳ ಗಂಟಲು ಶಾಶ್ವತವಾಗಿ ಒಡೆದುಹೋಯಿತು. ಆದರೆ ಸಂಜೆಯಾದರೆ ನಾಲ್ಕನೇ ಕಂಬದಿಂದ ಅವಳ ಹಳೆಯ, ಎಳೆಯ ದನಿ ಬರುತ್ತಿತ್ತು: "ಸುಗಂಧೀ, ಬಾರವ್ವ, ರೊಟ್ಟಿ ಆರಾಕತ್ತಾವು." ಖಾಲಿ ಓಣಿಗೆ ಮೂರು ಸಲ ಕರೆದು ಸುಮ್ಮನಾಗುತ್ತಿತ್ತು. ನಿಂಬೆವ್ವ ಬಾಗಿಲಲ್ಲಿ ನಿಂತು ತನ್ನ ದನಿಯನ್ನು ತಾನೇ ಕೇಳುತ್ತಿದ್ದಳು.

ಕಂಬಗಳನ್ನು ನಿಲ್ಲಿಸೋಣವೆಂದು ಶಾಲೆಯ ಖಾಜಾಹುಸೇನ್ ಮಾಸ್ತರು ಸಭೆಯಲ್ಲಿ ಮಾತೆತ್ತಿದರು. ನಿಲ್ಲಿಸಬೇಕಾದರೆ ಐದು ಕೀಲಿ ಒಟ್ಟಿಗೆ ತಿರುಗಬೇಕು, ಜೊತೆಗೂಟದ ಒಬ್ಬೊಬ್ಬರ ಹತ್ತಿರ ಒಂದೊಂದು. ನಾಲ್ವರು ಒಪ್ಪಿದರು. ಐದನೆಯ ಕೀಲಿ ನನ್ನ ಸೊಂಟದಲ್ಲಿತ್ತು. ಮನೆಮನೆಯನ್ನೂ ಕೇಳಬೇಕು, ಸ್ವಲ್ಪ ದಿನ ತಡೆಯಿರಿ ಎಂದೆ. ಯಾವ ಮನೆಯನ್ನೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಇದನ್ನು ನನ್ನ ಮಗಳಿಗೂ ಹೇಳಿಲ್ಲ. ಏಳನೇ ಕಂಬದಲ್ಲಿ ಮಲ್ಲೇಶಿಯ ದನಿ ಇತ್ತು. ಮಗಳು ಅಷ್ಟರಲ್ಲಿ ಓದಲು ಬೇರೆ ಊರಿಗೆ ಹೋಗಿದ್ದಳು, ಆದರೂ ಕಂಬ ಅವಳನ್ನು ಕರೆಯುತ್ತಿತ್ತು. ಒಂದು ಸಂಜೆ ನಾನು ಅದರ ಕೆಳಗೆ ಹಾದುಹೋಗುವಾಗ ಅದು ಮೆಲ್ಲಗೆ, "ನೀಲಾ, ಮೊಣಕಾಲು ಹ್ಯಾಂಗೈತಿ?" ಎಂದಿತು. ನನಗೆ ಮೊಣಕಾಲು ನೋವು ಶುರುವಾದದ್ದು ಅವನು ಸತ್ತ ಮೇಲೆ. ನಾನು ಕುಂಟುವುದನ್ನು ಕಂಬ ನೋಡಿತ್ತು, ಅಷ್ಟೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಂತು, "ಇವತ್ತು ವಾಸಿ" ಎಂದು ಉತ್ತರ ಕೊಟ್ಟೆ.

ಮರುವರ್ಷ ಖಾಲಿ ಬಿದ್ದಿದ್ದ ಮೂವತ್ತೊಂದನೇ ಮನೆಗೆ ಕುಷ್ಟಗಿ ಕಡೆಯಿಂದ ಒಂದು ಸಂಸಾರ ಬಂತು. ಹುಲಿಗೆಮ್ಮ, ಅವಳ ಗಂಡ, ಆರು ವರ್ಷದ ಮಗಳು ದೇವಕ್ಕಿ. ಗಂಡಹೆಂಡತಿ ಇಬ್ಬರಿಗೂ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ಒರೆಸುವ ಸಂಜೆಯ ಕೆಲಸ. ಎಂಟು ಗಂಟೆಗೆ ವಾಪಸು. ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳುತ್ತೇನೆಂದು ಪಕ್ಕದ ಮನೆಯ ನಿಂಬೆವ್ವ ತಾನಾಗಿಯೇ ಹೇಳಿದಳು. ಹುಲಿಗೆಮ್ಮ ನನ್ನ ಕೈ ಹಿಡಿದು, "ಇಂಥಾ ಓಣಿ ನಾ ಎಲ್ಲೂ ಕಂಡಿಲ್ರಿ" ಎಂದಳು. ನನಗೆ ಹೆಮ್ಮೆಯಾಯಿತು. ನಮ್ಮ ಹಿರಿಯರು ಕಟ್ಟಿದ್ದು ಇದಕ್ಕಾಗಿಯೇ ಅಲ್ಲವೇ ಅಂದುಕೊಂಡೆ.

ದೇವಕ್ಕಿಗೆ ಇನ್ನೂ ಮಣಿದಾರ ಬಂದಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಅವಳ ಮುಂಗೈಯಲ್ಲಿ ಒಂದು ದಾರ ಕಂಡೆ. ಬಣ್ಣ ಮಾಸಿದ, ಸಣ್ಣ ಗಂಟು ಹಾಕಿ ಚಿಕ್ಕದು ಮಾಡಿದ ದಾರ. ಯಾರದೆಂದು ನನಗೆ ತಕ್ಷಣ ತಿಳಿಯಿತು. ಆ ಸಂಜೆ ನಾಲ್ಕನೇ ಕಂಬ ಒಂದೇ ಸಲ ಕರೆಯಿತು. ಹುಡುಗಿ ತಲೆಯೆತ್ತಿ ನೋಡಿದಳು. ಕಂಬ ಕೊಂಚ ತಡೆದು, "ಎಷ್ಟ ದಿನದಿಂದ ಕಾಯಾಕತ್ತೀನಿ, ಸುಗಂಧಿ" ಎಂದಿತು. ಕಟ್ಟೆಗಳ ಮೇಲೆ ಹತ್ತು ಜನ ಕೂತಿದ್ದೆವು. ಕೂತಲ್ಲಿಂದಲೇ ನೋಡಿದೆವು. ಮಗು ನಡೆದುಕೊಂಡು ನಿಂಬೆವ್ವಳ ಮನೆಯೊಳಗೆ ಹೋಯಿತು, ಒಳಗಿನಿಂದ ಊಟದ ತಾಟಿನ ಸಪ್ಪಳ ಬಂತು. ಎಷ್ಟೋ ತಿಂಗಳ ನಂತರ ಆ ಮನೆಯಲ್ಲಿ ತಾಟಿನ ಸಪ್ಪಳ. ನಮಗೆ ಅದು ಒಳ್ಳೆಯದೆನಿಸಿತು. ಒಳ್ಳೆಯದೆನಿಸಿದ್ದನ್ನು ಯಾರು ತಡೆಯುತ್ತಾರೆ? ಅವಳೊಂದಿಗೆ ಆಡುವ ಮಕ್ಕಳು ಮೊದಲು ಆ ಹೆಸರು ಹಿಡಿದು ಕರೆದರು. ಆಮೇಲೆ ಅಂಗಡಿಯವನು ಕರೆದ. ಆಮೇಲೆ ನಾವೆಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಹುಲಿಗೆಮ್ಮ ಮೊದಲ ಸಲ ರಜೆ ಸಿಕ್ಕು ಸಂಜೆ ಮನೆಯಲ್ಲಿದ್ದಳು. ಇಳಿಹೊತ್ತಿಗೆ ಕಂಬ ಕರೆಯಿತು. ಅಂಗಳದಲ್ಲಿ ತಾಯಿಯ ಮುಂದೆಯೇ ಆಡುತ್ತಿದ್ದ ಮಗು ಎದ್ದು ಪಕ್ಕದ ಮನೆಗೆ ಹೊರಟಿತು. ತಾಯಿ "ದೇವಕ್ಕೀ" ಎಂದಳು. ಮಗು ತಿರುಗಲಿಲ್ಲ. ಇನ್ನೂ ಎರಡು ಸಲ ಕರೆದಳು. ಬೇರೆ ಯಾರನ್ನೋ ಕರೆಯುತ್ತಿದ್ದಾರೆಂಬಂತೆ ಮಗು ಹೊಸ್ತಿಲು ದಾಟಿತು.

ಹುಲಿಗೆಮ್ಮ ನೇರ ನನ್ನ ಮನೆಗೆ ಬಂದಳು. ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು, "ಅಕ್ಕಾರ, ನನ್ನ ಮಗಳ ಹೆಸರೇನು, ನೀವೇ ಹೇಳ್ರಿ" ಎಂದಳು.

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಇನ್ನೊಂದೇ ಹೆಸರು ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು.

"ನೆನಪಿಲ್ದಿದ್ರ ಇರ್ಲಿ. ನಿಮ್ಮ ಪುಸ್ತಕ ನೋಡಿ ಹೇಳ್ರಿ" ಎಂದಳು.

ಓಣಿಯ ಮಕ್ಕಳ ಪಟ್ಟಿಯನ್ನು ಪ್ರತಿ ತಿಂಗಳು ಬರೆಯುವುದು ದಾಯಿಯ ಕೆಲಸ. ಪುಸ್ತಕ ತೆಗೆದು ಮೂವತ್ತೊಂದನೇ ಮನೆಯ ಮುಂದೆ ಬೆರಳಿಟ್ಟೆ. ಮೊದಲ ತಿಂಗಳು ದೇವಕ್ಕಿ ಎಂದಿತ್ತು. ನಂತರದ ಎರಡು ತಿಂಗಳು ಬರಿಯ 'ಹುಡುಗಿ' ಎಂದಿತ್ತು. ಆ ತಿಂಗಳ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಸುಗಂಧಿ ಎಂದಿತ್ತು. ಅದನ್ನು ಬರೆದದ್ದು ನನಗೆ ನೆನಪೇ ಇಲ್ಲ. ಇವತ್ತಿಗೂ ಇಲ್ಲ. ಓದು ಬಾರದ ಹುಲಿಗೆಮ್ಮ ಅಕ್ಷರ ನೋಡಲಿಲ್ಲ, ನನ್ನ ಮುಖ ನೋಡಿದಳು. ಅಷ್ಟು ಸಾಕಾಯಿತು ಅವಳಿಗೆ.

ನಾನು ನಿಂಬೆವ್ವಳ ಮನೆಗೆ ಹೋದೆ. ಅವಳು ಮಗುವಿಗೆ ತಲೆ ಬಾಚುತ್ತಿದ್ದಳು. ದಾರ ಬಿಚ್ಚಿಕೊಡು ಎಂದೆ. ಅವಳು ಬಾಚಣಿಗೆ ನಿಲ್ಲಿಸದೆ ಒಡೆದ ದನಿಯಲ್ಲಿ ಹೇಳಿದಳು: "ಹಸಗೊಂಡು ಬಂತು, ಉಣಿಸಿದೆ. ನೀವೆಲ್ಲ ಕಟ್ಟಿ ಮ್ಯಾಲ ಕುಂತು ನೋಡಿದ್ರಿ. ಒಬ್ರಾದ್ರೂ ಬ್ಯಾಡ ಅಂದ್ರೇನು?"

"ತಪ್ಪಾತು" ಎಂದೆ.

"ತಪ್ಪು ನನ್ನದೂ ಐತಿ. ಆದ್ರ ಆ ಕಂಬ ಸುಮ್ಮನಾಗಿದ್ರ ನಾನೂ ಸುಮ್ಮನಾಗ್ತಿದ್ದೆ. ನಿಮ್ಮ ಕೀಲಿ ಯಾಕ ಇನ್ನೂ ಸೊಂಟದಾಗ ಐತಿ, ನೀಲಕ್ಕ?"

ದಾರವನ್ನು ಅಲ್ಲೇ ಬಿಟ್ಟು ಮಾಸ್ತರ ಮನೆಗೆ ಹೋಗಿ, ನಾಳೆ ಐವರನ್ನೂ ಕೂಡಿಸಿ ಎಂದೆ.

ಮರುದಿನ ನೆರಳುಗಾಲ ಮುಗಿಯುತ್ತಲೇ ಶಾಲೆಯ ಪಡಸಾಲೆಯಲ್ಲಿ ಐವರೂ ಸೇರಿದೆವು. ಹೋಗುವ ದಾರಿಯಲ್ಲಿ ಏಳನೇ ಕಂಬದ ಕೆಳಗೆ ಹಾದುಹೋಗಲೇಬೇಕಿತ್ತು. ಕರೆಯುವ ಹೊತ್ತು ಇನ್ನೂ ಆಗಿರಲಿಲ್ಲ. ಆದರೂ ಅದು, "ಎಲ್ಲಿಗೆ ಹೊಂಟಿ, ನೀಲಾ?" ಎಂದಿತು. ನಾನು ನಿಲ್ಲಲಿಲ್ಲ. ಪಡಸಾಲೆಯ ಗೋಡೆಯ ಐದನೆಯ ಕಿಂಡಿಗೆ ನನ್ನ ಕೀಲಿ ಹಾಕಿದೆ. ಐದೂ ಕೀಲಿ ತಿರುಗಿದವು. ಏನೂ ಸಪ್ಪಳವಾಗಲಿಲ್ಲ.

ಆ ಸಂಜೆಯನ್ನು ನಾನು ಹೇಗೆ ಹೇಳಲಿ? ಸೂರ್ಯ ಮುಳುಗಿದ. ಕಂಬಗಳು ಕರೆಯಲಿಲ್ಲ. ಆಟ ತಾನಾಗಿಯೇ ನಿಂತಿತು. ಮೂವತ್ತಕ್ಕೂ ಹೆಚ್ಚು ಮಕ್ಕಳು ತಮ್ಮ ತಮ್ಮ ಕಂಬದ ಕೆಳಗೆ ಹೋಗಿ ಮೇಲೆ ಮುಖಮಾಡಿ ನಿಂತರು. ಅಳಲಿಲ್ಲ, ಒಬ್ಬರನ್ನೊಬ್ಬರು ನೋಡಲಿಲ್ಲ. ಮನೆ ಹತ್ತು ಹೆಜ್ಜೆ ದೂರವಿದ್ದರೂ ಒಂದು ಮಗುವೂ ಕದಲಲಿಲ್ಲ. ಅಂದು ಎಲ್ಲರೂ ಕೆಲಸ ಬಿಟ್ಟು ಮನೆಯಲ್ಲಿದ್ದೆವು, ನಲವತ್ತೆರಡು ಬಾಗಿಲಲ್ಲೂ ದೊಡ್ಡವರು ನಿಂತಿದ್ದೆವು. ಕರೆಯಬೇಕಾದವರು ನಾವೇ ಎಂದು ಎಲ್ಲರಿಗೂ ಗೊತ್ತಿತ್ತು. ಹದಿನಾರು ವರ್ಷದಿಂದ ಆ ಓಣಿಯಲ್ಲಿ ಯಾರೂ ಗಂಟಲೆತ್ತಿ ಮಗುವನ್ನು ಕರೆದಿರಲಿಲ್ಲ. ನಮ್ಮ ತುಟಿಗಳು ಅಲುಗುತ್ತಿದ್ದವು, ದನಿ ಹೊರಡುತ್ತಿರಲಿಲ್ಲ. ಕತ್ತಲು ಮಕ್ಕಳ ಮೊಣಕಾಲಿನವರೆಗೆ ಬಂತು, ಸೊಂಟದವರೆಗೆ ಬಂತು.

ಮೊದಲು ಕರೆದವಳು ಹುಲಿಗೆಮ್ಮ. ಹೊಲದ ಆಚೆ ದಂಡೆಗೆ ಕೇಳಿಸುವಂಥ ದನಿ. "ದೇವಕ್ಕೀ." ಮಗು ನಾಲ್ಕನೇ ಕಂಬವನ್ನೇ ನೋಡುತ್ತಿತ್ತು. ಮತ್ತೆ ಕರೆದಳು. ಮತ್ತೆ. ಐದನೇ ಸಲಕ್ಕೆ ಅವಳ ದನಿ ಬಿರಿಯಿತು. ಆಗ ನಿಂಬೆವ್ವ ತನ್ನ ಕಟ್ಟೆಯಿಳಿದು ಮಗುವಿನ ಹತ್ತಿರ ಹೋದಳು, ಮುಂಗೈ ಹಿಡಿದು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಡೆದ ಗಂಟಲಲ್ಲಿ, "ದೇವಕ್ಕಿ, ನಿಮ್ಮವ್ವ ಕರೀತಾಳ, ಹೋಗವ್ವ" ಎಂದಳು. ಮಗು ಇಬ್ಬರ ಮುಖವನ್ನೂ ನೋಡಿತು. ಆಮೇಲೆ ಹೊಸ ದಾರಿಯಲ್ಲಿ ನಡೆಯುವವರಂತೆ ಕಾಲು ಎತ್ತೆತ್ತಿ ಇಡುತ್ತ ತಾಯಿಯ ಕಡೆ ಹೋಯಿತು. ಅದರ ಹಿಂದೆಯೇ ಒಂದು ಬಾಗಿಲಿಂದ ಒಂದು ಹೆಸರು, ಇನ್ನೊಂದರಿಂದ ಇನ್ನೊಂದು. ಕೊನೆಯ ಮಗು ಒಳಗೆ ಹೋದ ಮೇಲೂ ಕೂಗು ನಿಲ್ಲಲಿಲ್ಲ. ಜ್ವರದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳವರು ತಮ್ಮ ಮಕ್ಕಳ ಹೆಸರನ್ನೂ ಒಂದೊಂದು ಸಲ ಕರೆದರು. ಯಾರೂ ತಡೆಯಲಿಲ್ಲ. ನಿಂಬೆವ್ವ ಮಾತ್ರ ಕರೆಯಲಿಲ್ಲ. ಅವಳು ಬಾಗಿಲು ಹಾಕಿಕೊಂಡಳು. ಆಮೇಲೆ ಮೂರು ವರ್ಷ ಬದುಕಿದ್ದಳು.

ಇದೆಲ್ಲ ಆಗಿ ಮೂವತ್ತನಾಲ್ಕು ವರ್ಷ. ಹುಲಿಗೆಮ್ಮನ ಸಂಸಾರ ಮರುವರ್ಷವೇ ಕುಷ್ಟಗಿಗೆ ಮರಳಿತು. ಕಳೆದ ವಾರ, ನಲವತ್ತು ವರ್ಷದ ಒಬ್ಬ ಹೆಂಗಸು ನನ್ನ ಬಾಗಿಲಿಗೆ ಬಂದು ತಾನು ದೇವಕ್ಕಿ ಎಂದಳು. ತನ್ನೂರಿನಲ್ಲಿ ಇಂಥದೇ ಒಂದು ಓಣಿ ಕಟ್ಟಲು ಜೊತೆಗೂಟ ಮಾಡುತ್ತಿದ್ದಾಳಂತೆ. ಕಟ್ಟೆಯ ಅಳತೆ, ದಾರಿಯ ಬಾಗು ಎಲ್ಲ ಬರೆದುಕೊಂಡಳು. ನಾನು ಕೇಳಬಾರದೆಂದುಕೊಂಡೇ ಕೇಳಿದೆ, ಆ ದಿನಗಳೇನಾದರೂ ನೆನಪಿವೆಯೇ ಎಂದು.

"ನೆನಪಿಲ್ರಿ" ಎಂದಳು. ಬರೆದುಕೊಂಡ ಹಾಳೆ ಮಡಚಿ, "ಆದ್ರ ಆ ಇನ್ನೊಂದು ಹೆಸರು ಎಲ್ಲ್ಯಾದ್ರೂ ಕಿವಿಗೆ ಬಿದ್ರ, ಉಂಡು ಎದ್ದಿದ್ರೂ ಹಸಿವಾಗತೈತಿ" ಎಂದಳು.

ಹೊರಡುವಾಗ ಇಳಿಹೊತ್ತಾಗಿತ್ತು. ಅವಳು ಓಣಿಯ ನಡುವೆ ನಿಂತು, "ಒಂದ್ಸಲ ಕರೀರಿ, ನೀಲಕ್ಕ" ಎಂದಳು. ಯಾವ ಹೆಸರು ಹಿಡಿದು ಎಂದು ಹೇಳಲಿಲ್ಲ. ನಾನು ಕಟ್ಟೆಯ ಮೇಲಿಂದ ದೇವಕ್ಕಿ ಎಂದು ಕರೆದೆ. ಅವಳು ತಿರುಗಿ ನಕ್ಕಳು. ಆದರೆ ಹೋಗಲಿಲ್ಲ. ಇನ್ನೂ ಏನೋ ಬರಬೇಕಾಗಿದೆಯೆಂಬಂತೆ ಕತ್ತು ವಾಲಿಸಿ ಸ್ವಲ್ಪ ಹೊತ್ತು ನಿಂತೇ ಇದ್ದಳು.

ಹಿರಿಯರೇ, ನೀವು ಓಣಿ ಕಟ್ಟಿ. ಕೂಡಿ ಕಟ್ಟಿ, ಮಕ್ಕಳಿಗಾಗಿ ಕಟ್ಟಿ. ನೆರಳು, ಕಟ್ಟೆ, ಬಾಗಿದ ದಾರಿ, ನೆರೆಮನೆಯ ತಾಟು ಎಲ್ಲವೂ ಇರಲಿ, ನಾವು ಬದುಕಿದ್ದು ಅವುಗಳಿಂದಲೇ. ನನ್ನದು ಒಂದೇ ಬೇಡಿಕೆ. ನಿಮ್ಮ ಪಕ್ಕದ ಮನೆಯ ಮಗುವಿನ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ, ಇವತ್ತೇ ಹೋಗಿ ಅದರ ತಾಯಿಯನ್ನೇ ಕೇಳಿ. ಬರೆದಿಟ್ಟುಕೊಳ್ಳಬೇಡಿ. ಬಾಯಲ್ಲಿ ಹೇಳಿ.

ನಿಮ್ಮ ನಂತರದವಳು,
ನೀಲಗಂಗಾ